ಹದಿನೇಳರ ಬೆಲ್ ಮೂರ್ ಮತ್ತು ಆ ಒಂದೂವರೆ ನಿಮಿಷ

ಆ ಫೋಟೊ ನೋಡಿದ್ದೀರಾ? 1912ರ ಸ್ಟಾಕ್‌ಹೋಮ್. ಮೈಗಂಟಿದ ತೆಳು ಈಜುಡುಗೆಯಲ್ಲಿ ಬ್ರಿಟನ್ನಿನ ನಾಲ್ವರು ಹುಡುಗಿಯರು, ಜೊತೆಗೆ ಉದ್ದನೆಯ ಉಡುಪು ತೊಟ್ಟ ಮೇಲ್ವಿಚಾರಕಿ ಕ್ಲಾರಾ ಜಾರ್ವಿಸ್. ಆ ನಾಲ್ವರಲ್ಲಿ ಒಬ್ಬಳು ಬೆಲ್ ಮೂರ್. ಗ್ಲಾಸ್ಗೋದಲ್ಲಿ ಹುಟ್ಟಿ ಅಲ್ಲೇ ಈಜು ಪಳಗಿದವಳು. ವಯಸ್ಸು ಬರೀ 17! ಆ ಪಟ ಕಣ್ಣಿಗೆ ಬಿದ್ದಂದಿನಿಂದ ನನಗೆ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ.

ಹೆಣ್ಣುಮಕ್ಕಳು ಒಲಿಂಪಿಕ್ಸ್‌ನಲ್ಲಿ ಈಜಿದ್ದು ಅದೇ ಮೊದಲು. ಕೂಟದ ಜನಕ ಕೂಬರ್ತಾಂಗೇ ಹೆಂಗಸರು ಸ್ಪರ್ಧಿಸುವುದು ಒಗ್ಗದ ಮಾತು. ಅಮೆರಿಕ ಒಬ್ಬಳೇ ಒಬ್ಬ ಈಜುಗಾರ್ತಿಯನ್ನೂ ಕಳಿಸಲಿಲ್ಲ. ಇನ್ನು ಕೊಳವೆಂದರೆ ಹೆಂಚು ಹಾಸಿದ ಕೊಳವಲ್ಲ, ಕೊಲ್ಲಿಯ ನೀರಿನಲ್ಲೇ ಅಳೆದು ಕಟ್ಟಿದ ನೂರು ಮೀಟರಿನ ಅಂಕಣ!

ನೂರು ಮೀಟರ್ ಸ್ಪರ್ಧೆಯಲ್ಲಿ ಬೆಲ್ ಸೆಮಿಫೈನಲ್‌ನಲ್ಲೇ ಹೊರಬಿದ್ದಳು. ಚಿನ್ನ, ಬೆಳ್ಳಿ ಎರಡೂ ಆಸ್ಟ್ರೇಲಿಯಾದ ಫ್ಯಾನಿ ಡ್ಯುರಾಕ್, ಮಿನಾ ವೈಲಿ ಪಾಲಾದವು. ಉಳಿದದ್ದು ತಂಡಕ್ಕೆ ನಾಲ್ವರು ಬೇಕಾದ ರಿಲೇ. ಆ ಇಬ್ಬರು ಆಸ್ಟ್ರೇಲಿಯನ್ನರು, ನಾವೇ ಎರಡೆರಡು ಸುತ್ತು ಈಜುತ್ತೇವೆ ಎಂದು ಕೇಳಿಕೊಂಡರಂತೆ, ಒಪ್ಪಿಗೆ ಸಿಗಲಿಲ್ಲ. ಎಂಥ ಎದೆಗಾರಿಕೆ! ಕೊನೆಗೆ ಕಣದಲ್ಲಿ ಉಳಿದವು ನಾಲ್ಕೇ ತಂಡ.

ಅಂಕಣದ ಉದ್ದವೇ ನೂರು ಮೀಟರ್. ಅಂದರೆ ತಿರುವೇ ಇಲ್ಲ, ಈ ದಡದಿಂದ ಆ ದಡಕ್ಕೆ ಒಂದೇ ಉಸಿರಿನ ಓಟ. ಇಬ್ಬರು ಇತ್ತ, ಇಬ್ಬರು ಅತ್ತ ಕಾದು ನಿಲ್ಲಬೇಕು. ಬೆಲ್, ಜೆನ್ನಿ ಫ್ಲೆಚರ್, ಆ್ಯನಿ ಸ್ಪೀರ್ಸ್, ಐರೀನ್ ಸ್ಟಿಯರ್. ನಾಲ್ವರೂ ಸೇರಿ 5 ನಿಮಿಷ 52.8 ಸೆಕೆಂಡ್. ಚಿನ್ನ, ಜೊತೆಗೆ ವಿಶ್ವದಾಖಲೆ! ಎರಡನೆಯ ಸ್ಥಾನದ ಜರ್ಮನಿ ಸುಮಾರು ಹನ್ನೆರಡು ಸೆಕೆಂಡ್ ಹಿಂದೆ. ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬಳಿಗೆ ಒಂದೂವರೆ ನಿಮಿಷವೂ ಇಲ್ಲ.

ಆದರೆ ನನ್ನ ಮೈ ಜುಮ್ಮೆನ್ನಿಸಿದ ಲೆಕ್ಕ ಬೇರೆಯೇ. ಈಜಿನಲ್ಲಿ ಚಿನ್ನ ಗೆಲ್ಲುವ ಮುಂದಿನ ಸ್ಕಾಟಿಷ್ ಹೆಣ್ಣಿಗಾಗಿ ಒಲಿಂಪಿಕ್ಸ್ 109 ವರ್ಷ ಕಾಯಬೇಕಾಯಿತು! 2021ರಲ್ಲಿ, ಟೋಕಿಯೊದಲ್ಲಿ ಕ್ಯಾಥ್ಲೀನ್ ಡಾಸನ್ ಗೆದ್ದಳು. ಅದೂ ರಿಲೇಯಲ್ಲೇ.

ಆ ದಿನ ನೋಡಲು ಬೆಲ್ ಇರಲಿಲ್ಲ. ನೌಕಾ ವಿನ್ಯಾಸಕಾರ ಜಾರ್ಜ್ ಕ್ಯಾಮರಾನ್‌ನ ಕೈಹಿಡಿದು 1919ರಲ್ಲಿ ಅಟ್ಲಾಂಟಿಕ್ ದಾಟಿದವಳು, 1975ರಲ್ಲಿ ಬಾಲ್ಟಿಮೋರಿನಲ್ಲಿ ಕಣ್ಮುಚ್ಚಿದಳು. ನಡುವಿನ ಆ ದಶಕಗಳಲ್ಲಿ ಮಾಡಿದ್ದೇನು ಗೊತ್ತೇ? ಒಲಿಂಪಿಕ್ಸ್‌ಗೆ ಹೆಣ್ಣುಮಕ್ಕಳನ್ನು ಕಳಿಸದೆ ಕೂತಿದ್ದ ಅದೇ ಅಮೆರಿಕದಲ್ಲಿ, ಮೇರಿಲ್ಯಾಂಡಿನ ಸಾವಿರಾರು ಮಕ್ಕಳಿಗೆ ಈಜು ಕಲಿಸಿದಳು.