ಮುಟ್ಟು ನಿಂತ ಮೇಲಿನ ಹಾರ್ಮೋನ್ ಮಾತ್ರೆ ಮತ್ತು ಮರೆವಿನ ಭಯ



ಕಾಪು, ಕಾರ್ಕಳ ಕಡೆಯ ಸಂಘಗಳಲ್ಲಿ ನಾವು ಆಗಾಗ ಕೇಳುವ ಎರಡು ಮಾತುಗಳಿವೆ. "ಹಾರ್ಮೋನ್ ಮಾತ್ರೆ ತಿಂದರೆ ಅರಳುಮರಳು ಆಗ್ತದಂತೆ" ಎಂಬುದು ಒಂದು. "ಅದನ್ನು ತಿಂದರೆ ನೆನಪು ಉಳೀತದಂತೆ" ಎಂಬುದು ಇನ್ನೊಂದು. ಎರಡನ್ನೂ ಹಾಗೇ ನಂಬುವುದು ಬೇಡ.

ಈ ಮಾತ್ರೆ ಯಾಕೆ?

ನಮ್ಮ ದೇಶದಲ್ಲಿ ಸರಾಸರಿ 46-47ನೇ ವಯಸ್ಸಿಗೆ ಮುಟ್ಟು ನಿಲ್ಲುತ್ತದೆ. ಆಗ ಈಸ್ಟ್ರೋಜನ್ ಹಾರ್ಮೋನ್ ಕಡಿಮೆಯಾಗಿ ಮೈ ಬಿಸಿಯೇರುತ್ತದೆ, ಬೆವರುತ್ತದೆ, ನಿದ್ರೆ ಕೆಡುತ್ತದೆ. ತೊಂದರೆ ಜಾಸ್ತಿಯಾದರೆ ವೈದ್ಯರು ಪರೀಕ್ಷಿಸಿ ಹಾರ್ಮೋನ್ ಕೊಡುತ್ತಾರೆ. ಈ ಸಮಯದಲ್ಲಿ ಸಣ್ಣಪುಟ್ಟ ಮರೆವು ಸಾಮಾನ್ಯ. ಹೆಚ್ಚಿನವರಿಗೆ ಅದು ಕ್ರಮೇಣ ಸರಿಯಾಗುತ್ತದೆ. ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕುವುದು ಕಾಯಿಲೆಯಲ್ಲ. ದಿನವೂ ಹೋಗುವ ದಾರಿ ತಪ್ಪಿದರೆ, ಹಣ ಎಣಿಸಲು ಬಾರದಾದರೆ ವೈದ್ಯರಿಗೆ ತೋರಿಸಬೇಕು.

ಭಯ ಎಲ್ಲಿಂದ ಬಂತು?

2003ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿ 65 ವರ್ಷ ದಾಟಿದ 4,532 ಮಹಿಳೆಯರಿದ್ದರು. ಎರಡು ಹಾರ್ಮೋನ್ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ 40 ಮಂದಿಗೆ, ಔಷಧಿಯಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ 21 ಮಂದಿಗೆ ಮರೆವಿನ ಕಾಯಿಲೆ ಕಂಡಿತು. ಅಂದರೆ ಅಪಾಯ ಸುಮಾರು ಇಮ್ಮಡಿ. ಆದರೆ ಇವರೆಲ್ಲ ಮುಟ್ಟು ನಿಂತು ಎಷ್ಟೋ ವರ್ಷ ಕಳೆದವರು ಎಂಬುದನ್ನು ನೆನಪಿಡಿ.

50-55ರ ವಯಸ್ಸಿನಲ್ಲಿ ಹಾರ್ಮೋನ್ ಪಡೆದವರ ಫಲಿತಾಂಶ 2013ರಲ್ಲಿ ಬಂತು. ಅವರ ನೆನಪಿಗೆ ಹಾನಿಯೂ ಇಲ್ಲ, ಲಾಭವೂ ಇಲ್ಲ. 2023ರ ಡೆನ್ಮಾರ್ಕಿನ ಅಧ್ಯಯನದಲ್ಲಿ ಮಾತ್ರೆ ಪಡೆದವರಲ್ಲಿ ಮರೆವಿನ ಕಾಯಿಲೆ ಸ್ವಲ್ಪ ಹೆಚ್ಚು ಕಂಡಿತು. ಆದರೆ ಅದಕ್ಕೆ ಮಾತ್ರೆಯೇ ಕಾರಣ ಎಂದು ಆ ಅಧ್ಯಯನದಿಂದ ಹೇಳಲಾಗದು.

ಆದ್ದರಿಂದ, ಹಾರ್ಮೋನ್ ಇರುವುದು ಮೈ ಬಿಸಿಯೇರುವಂಥ ತೊಂದರೆಗೆ, ನೆನಪು ಉಳಿಸಲಿಕ್ಕಲ್ಲ. 65 ದಾಟಿದ ಮೇಲೆ ಹೊಸದಾಗಿ ಶುರುಮಾಡುವುದು ಒಳ್ಳೆಯದಲ್ಲ.

ಆಪರೇಶನ್ ಆದವರು ಗಮನಿಸಿ

45ರೊಳಗೆ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆಸಿಕೊಂಡವರ ಸಂಗತಿ ಬೇರೆ. ಅಷ್ಟು ಬೇಗ ಹಾರ್ಮೋನ್ ನಿಂತರೆ ಮೂಳೆ, ಹೃದಯ, ನೆನಪಿಗೆ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಅಂಥವರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ವೈದ್ಯರು ಸಾಮಾನ್ಯವಾಗಿ ಹಾರ್ಮೋನ್ ಸೂಚಿಸುತ್ತಾರೆ. ಭಯದಿಂದ ನೀವಾಗಿಯೇ ನಿಲ್ಲಿಸಬೇಡಿ.

ನಾವು ಏನು ಮಾಡಬೇಕು?

1. ಮೆಡಿಕಲ್‌ನಿಂದ ನೇರವಾಗಿ ತರಬೇಡಿ, ನೆರೆಯವರ ಚೀಟಿ ತೋರಿಸಿಯೂ ತರಬೇಡಿ. ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಕಾರ್ಕಳದ ತಾಲೂಕು ಆಸ್ಪತ್ರೆ ಅಥವಾ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರನ್ನು ಕೇಳಿ.
2. ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಲಿವರ್ ತೊಂದರೆ ಇದ್ದರೆ ಮೊದಲೇ ಹೇಳಿ.
3. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ ತಡಮಾಡಬೇಡಿ.
4. ಬಿ.ಪಿ., ಶುಗರ್ ಹತೋಟಿಯಲ್ಲಿಡಿ, ದಿನಾ ನಡೆಯಿರಿ. ಕಿವಿ ಮಂದವಾದರೆ ಪರೀಕ್ಷೆ ಮಾಡಿಸಿ. ಕಿವಿ ಕೇಳದವರಿಗೆ ಮರೆವಿನ ಅಪಾಯ ಹೆಚ್ಚು.
5. ಸಂಘದ ಸಭೆ ತಪ್ಪಿಸಬೇಡಿ. ನಾಲ್ಕು ಜನರ ಜೊತೆ ಮಾತು, ಲೆಕ್ಕ ಬರೆಯುವುದು, ಹೊಸತು ಕಲಿಯುವುದು ಮಿದುಳಿಗೂ ವ್ಯಾಯಾಮ.

ಮುಂದಿನ ಸಭೆಯಲ್ಲಿ ಇದನ್ನು ಗಟ್ಟಿಯಾಗಿ ಓದಿ ಚರ್ಚಿಸಿ. ಓದಲು ಬಾರದ ಅಕ್ಕಂದಿರಿಗೂ ವಿಷಯ ತಲುಪಲಿ.