ಇಂಗಾಲದ ಎಳೆ, ಲೋಹದ ಅಂಚು

ವಿಮಾನದ ಎಂಜಿನ್ನಿನ ಮುಂಭಾಗದಲ್ಲಿ ಕಾಣುವ ಬೃಹತ್ ಫ್ಯಾನಿನ ಅಲಗುಗಳು ಅಪ್ಪಟ ಲೋಹದವೆಂದೇ ನಾವು ಭಾವಿಸುತ್ತೇವೆ. ಆದರೆ ಇಂದಿನ ಹಲವು ಎಂಜಿನ್ನುಗಳಲ್ಲಿ ಅವು ಕೂದಲಿಗಿಂತ ಸೂಕ್ಷ್ಮವಾದ ಇಂಗಾಲದ ಎಳೆಗಳನ್ನು ರಾಳದಲ್ಲಿ ಬೆಸೆದು ರೂಪಿಸಿದವು. ಈ ವಸ್ತು ಎಂಜಿನ್ನಿನೊಳಗೆ ನೆಲೆ ಪಡೆಯುವ ಮುನ್ನ ಒಂದು ಹೆಸರಾಂತ ಸಂಸ್ಥೆಯ ಪತನವನ್ನೇ ಕಂಡಿತು.

ತಿರುಗುವ ಅಲಗನ್ನು ಹೊರಕ್ಕೆ ಸೆಳೆಯುವ ಬಲ ಅದರ ತೂಕದ ಸಾವಿರಾರು ಪಟ್ಟು. ಅಲಗು ಹಗುರವಾದರೆ ಅದನ್ನು ಹಿಡಿದಿಡುವ ಚಕ್ರವೂ, ಮುರಿದ ಅಲಗನ್ನು ತಡೆಯಬೇಕಾದ ಹೊರಕವಚವೂ ಹಗುರವಾಗುತ್ತವೆ. ಈ ಲಾಭವನ್ನರಿತ ಬ್ರಿಟನ್ನಿನ ರೋಲ್ಸ್-ರಾಯ್ಸ್ ಸಂಸ್ಥೆ 1960ರ ದಶಕದ ಕೊನೆಯಲ್ಲಿ, ಲಾಕ್‌ಹೀಡ್ ಟ್ರೈಸ್ಟಾರ್ ವಿಮಾನಕ್ಕಾಗಿ ರೂಪಿಸುತ್ತಿದ್ದ ಆರ್‌ಬಿ211 ಎಂಜಿನ್ನಿಗೆ ‘ಹೈಫಿಲ್’ ಎಂಬ ಇಂಗಾಲದ ಅಲಗುಗಳನ್ನು ಆರಿಸಿತು.

1970ರಲ್ಲಿ ಹಕ್ಕಿ ಬಡಿತದ ಪರೀಕ್ಷೆ ನಡೆದಾಗ ಆ ಅಲಗುಗಳು ಛಿದ್ರವಾದವು. ಎಳೆಗಳು ತಮ್ಮ ಉದ್ದಕ್ಕೆ ಅಪಾರ ಸೆಳೆತವನ್ನು ತಾಳಬಲ್ಲವು. ಆದರೆ ಪದರ ಪದರಗಳ ನಡುವೆ ಇರುವುದು ರಾಳದ ಬಂಧ ಮಾತ್ರ. ಅಡ್ಡಲಾಗಿ ಬಿದ್ದ ಹೊಡೆತಕ್ಕೆ ಅದು ಬಿಟ್ಟುಕೊಟ್ಟಿತು. ಸಂಸ್ಥೆ ಟೈಟಾನಿಯಮ್ಮಿಗೆ ಮರಳಿತು. ಅದೊಂದೇ ಕಾರಣವಲ್ಲದಿದ್ದರೂ ವೆಚ್ಚ ಮಿತಿಮೀರಿ, 1971ರ ಫೆಬ್ರವರಿ 4ರಂದು ಸಂಸ್ಥೆ ದಿವಾಳಿಯಾಯಿತು. ಸರಕಾರವೇ ಅದನ್ನು ವಹಿಸಿಕೊಳ್ಳಬೇಕಾಯಿತು.

ಕಾಲು ಶತಮಾನದ ಬಳಿಕ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಈ ಆಸೆಯನ್ನು ಕೈಗೂಡಿಸಿತು. 1995ರಲ್ಲಿ ಬೋಯಿಂಗ್ 777 ವಿಮಾನದೊಂದಿಗೆ ಸೇವೆಗಿಳಿದ ಜಿಇ90 ಎಂಜಿನ್ನಿನಲ್ಲಿ ಇಂತಹ 22 ಅಲಗುಗಳಿದ್ದವು. ಪದರಗಳನ್ನು ಬೇರೆ ಬೇರೆ ಕೋನಗಳಲ್ಲಿ ಹಾಸಿ, ಸುಲಭವಾಗಿ ಬಿರಿಯದ ರಾಳವನ್ನು ಬಳಸಿ, ಹೊಡೆತಕ್ಕೆ ಎದುರಾಗುವ ಅಂಚಿಗೆ ಟೈಟಾನಿಯಮ್ಮಿನ ಕಟ್ಟು ಹಾಕಲಾಗಿತ್ತು. ತ್ಯಜಿಸಬೇಕೆಂದಿದ್ದ ಲೋಹವೇ ಹೊಸ ವಸ್ತುವಿಗೆ ಕಾವಲಾಯಿತು. ಮುಂದೆ ಬಂದ ಜಿಇಎನ್ಎಕ್ಸ್ ಎಂಜಿನ್ನಿನಲ್ಲಿ ಫ್ಯಾನಿನ ಹೊರಕವಚವೂ ಇಂಗಾಲದ್ದೇ ಆಯಿತು.

2016ರಲ್ಲಿ ಸೇವೆಗೆ ಬಂದ ಲೀಪ್ ಎಂಜಿನ್ನಿನದು ಮತ್ತೊಂದು ಹೆಜ್ಜೆ. ಸೊಲ್ಲಾಪುರದ ಮಗ್ಗಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಹಾಸು ಹೊಕ್ಕುಗಳ ಜೊತೆಗೆ ದಪ್ಪದ ದಿಕ್ಕಿನಲ್ಲಿಯೂ ಎಳೆಗಳನ್ನು ಹೆಣೆದು, ಅನಂತರ ಅಚ್ಚಿನಲ್ಲಿಟ್ಟು ರಾಳವನ್ನು ತುಂಬುತ್ತಾರೆ. ಪದರ ಪದರವಾಗಿ ಬಿಚ್ಚಿಕೊಳ್ಳುವ ಭಯ ಇದರಿಂದ ಬಹುಮಟ್ಟಿಗೆ ತಗ್ಗುತ್ತದೆ.

ಆದರೂ ಈ ವಸ್ತುವಿಗೆ ಎಲ್ಲೆಯಿದೆ. ದಹನಕೋಷ್ಠದ ಉರಿಯನ್ನು ರಾಳ ತಾಳದು. ಆದ್ದರಿಂದ ಇದರ ನೆಲೆ ಎಂಜಿನ್ನಿನ ತಣ್ಣನೆಯ ಮುಂಭಾಗ. ಹೊರಮೈಯಲ್ಲಿ ಗಾಯ ಕಾಣದಿದ್ದರೂ ಒಳಗೆ ಪದರ ಸಡಿಲಿರಬಹುದು. ಅದನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸಿ ಅರಿಯಬೇಕು. ವಸ್ತುವಿನ ಬಲವನ್ನು ಬಲ್ಲವರು ಅದರ ದೌರ್ಬಲ್ಯದ ದಿಕ್ಕನ್ನೂ ಬಲ್ಲವರಾಗಬೇಕೆಂಬುದು 1970ರ ಪರೀಕ್ಷೆ ಕಲಿಸಿದ ಪಾಠ.