ಬಾವಂಚಿ ಬೀಜದ ಸಾರ: ಬೆಲೆಯೆಲ್ಲ ಶುದ್ಧೀಕರಣದಲ್ಲಿ

ಬಾವಂಚಿ ಅಥವಾ ಬಾಕುಚಿ ಗ್ರಂಧಿಗೆ ಅಂಗಡಿಗಳಿಗೆ ಹೊಸ ಸರಕೇನಲ್ಲ. ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಈ ಗಿಡದ ಕಪ್ಪು ಬೀಜವನ್ನು ಆಯುರ್ವೇದ ವೈದ್ಯರು ತೊನ್ನಿನ ಚಿಕಿತ್ಸೆಯಲ್ಲಿ ಹಿಂದಿನಿಂದಲೂ ಬಳಸುತ್ತ ಬಂದಿದ್ದಾರೆ. ಇದೇ ಬೀಜದಲ್ಲಿರುವ ಬಾಕುಚಿಯಾಲ್ ಎಂಬ ಉತ್ಕರ್ಷಣ ನಿರೋಧಕವು ಈಗ ಮುಖಲೇಪಗಳ ತಯಾರಕರು ಬಯಸುವ ಕಚ್ಚಾವಸ್ತುವಾಗಿದೆ.

ಮೆಹ್ತಾ, ನಾಯಕ್ ಮತ್ತು ಸುಖ್ ದೇವ್ ಎಂಬ ಭಾರತೀಯ ರಸಾಯನ ವಿಜ್ಞಾನಿಗಳು ಈ ಸಂಯುಕ್ತದ ವಿವರವನ್ನು 1966ರಲ್ಲೇ ಪ್ರಕಟಿಸಿದ್ದರು. ಆದರೆ ಪ್ರಸಾಧನ ಸಾಮಗ್ರಿಯಾಗಿ ಅದು ಮಾರುಕಟ್ಟೆಗೆ ಬಂದದ್ದು 2007ರಲ್ಲಿ, ಅದೂ ವಿದೇಶಿ ಸಂಸ್ಥೆಯೊಂದರ ಮೂಲಕ. ನಾಲ್ಕು ದಶಕಗಳ ಕಾಲ ಬೀಜವಷ್ಟೇ ವ್ಯಾಪಾರವಾಯಿತು ಎಂಬುದನ್ನು ನಮ್ಮ ಉದ್ಯಮಿಗಳು ಗಮನಿಸಬೇಕು. 2019ರಲ್ಲಿ ಬ್ರಿಟನ್ನಿನ ಚರ್ಮರೋಗ ಪತ್ರಿಕೆಯೊಂದರಲ್ಲಿ ಅಚ್ಚಾದ, 44 ಮಂದಿಯ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಶೇ. 0.5ರ ಬಾಕುಚಿಯಾಲ್ ಲೇಪವು ಸುಕ್ಕು ಹಾಗೂ ಕಲೆಗಳನ್ನು ರೆಟಿನಾಲ್‌ನಷ್ಟೇ ತಗ್ಗಿಸಿತು. ಚರ್ಮದ ಉರಿ ಮತ್ತು ಹೊಪ್ಪಳೆಯ ದೂರು ರೆಟಿನಾಲ್ ಬಳಸಿದವರಲ್ಲಿ ಹೆಚ್ಚಿತ್ತು. ಪ್ರಯೋಗ ಚಿಕ್ಕದಾದರೂ ಬೇಡಿಕೆಗೆ ಅದು ಬಲ ನೀಡಿತು.

ಬಾಕುಚಿಯಾಲ್ ಒಂದು ಫೀನಾಲ್. ಎಣ್ಣೆ ಕಮಟಾಗುವ ಕ್ರಿಯೆಯನ್ನು ಮುಂದುವರಿಸುವ ಮುಕ್ತ ರಾಡಿಕಲ್‌ಗಳಿಗೆ ತನ್ನ ಜಲಜನಕದ ಪರಮಾಣುವನ್ನು ಬಿಟ್ಟುಕೊಟ್ಟು ಆ ಸರಪಳಿಯನ್ನು ಕಡಿಯುತ್ತದೆ. ಇದು ಕೊಬ್ಬಿನಲ್ಲಿ ಕರಗುವುದರಿಂದ ಲೇಪಗಳಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ.

ತೊಡಕಿರುವುದು ಅದರ ಜೊತೆಗಾರರಲ್ಲಿ. ಬೀಜದಲ್ಲಿ ಸೋರಾಲೆನ್ ಮತ್ತು ಐಸೋಸೋರಾಲೆನ್ ಎಂಬ ಫ್ಯೂರೋಕೂಮರಿನ್‌ಗಳೂ ಇವೆ. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಸೋರಾಲೆನ್ ಚರ್ಮವನ್ನು ಕೆರಳಿಸಿ ಕಪ್ಪಾಗಿಸುತ್ತದೆ. ತೊನ್ನಿಗೆ ವೈದ್ಯರು ಬಯಸಿದ ಗುಣವೇ ಇದು. ನಿತ್ಯದ ಮುಖಲೇಪಕ್ಕೆ ಮಾತ್ರ ದೋಷ. ಬಿಸಿಲಿನಿಂದ ರಕ್ಷಿಸುವ ಲೇಪಗಳಲ್ಲಿ ಫ್ಯೂರೋಕೂಮರಿನ್ ಪ್ರಮಾಣವು ಕಿಲೋಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿರಬೇಕೆಂದು ಐರೋಪ್ಯ ಒಕ್ಕೂಟವು ವಿಧಿಸಿದೆ.

ಆದ್ದರಿಂದ ಬೀಜವನ್ನು ಪುಡಿಮಾಡಿ ಹೆಕ್ಸೇನಿನಂಥ ದ್ರಾವಕದಲ್ಲಿ ಸಾರ ತೆಗೆದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಸಾರವನ್ನು ಕ್ಷಾರದೊಡನೆ ಕಾಯಿಸಿದಾಗ ಸೋರಾಲೆನ್‌ನ ಲ್ಯಾಕ್ಟೋನ್ ಉಂಗುರ ತೆರೆದು, ಅದು ನೀರಿನಲ್ಲಿ ಕರಗುವ ಲವಣವಾಗುತ್ತದೆ. ನೀರಿನ ಪದರದೊಡನೆ ಅದನ್ನು ಬೇರ್ಪಡಿಸಬಹುದು. ನೀರು ಪೂರ್ತಿ ಹೋಗುವ ಮೊದಲೇ ಆಮ್ಲ ಬೆರೆಸಿದರೆ ಉಂಗುರ ಮತ್ತೆ ಮುಚ್ಚಿ, ಸೋರಾಲೆನ್ ಹಿಂದಿರುಗುತ್ತದೆ. ಆತುರದ ತಯಾರಕರು ಎಡವುವುದು ಇಲ್ಲಿಯೇ. ಬಳಿಕ ನಿರ್ವಾತ ಬಟ್ಟಿ ಇಳಿಸುವಿಕೆ ಅಥವಾ ಸ್ತಂಭ ವರ್ಣರೇಖನದಿಂದ ಶುದ್ಧತೆಯನ್ನು ಏರಿಸಲಾಗುತ್ತದೆ. ಸಣ್ಣ ಘಟಕಗಳಿಗೆ ಭಾರವಾಗುವ ವೆಚ್ಚ ಇದೇ. ಹೆಕ್ಸೇನ್ ಸುಲಭವಾಗಿ ಹೊತ್ತಿಕೊಳ್ಳುವ ದ್ರವವಾದ್ದರಿಂದ ದಾಸ್ತಾನಿನ ಪರವಾನಗಿ, ಅಗ್ನಿಸುರಕ್ಷೆಯ ವ್ಯವಸ್ಥೆಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವರ್ತಕರಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಬಾಕುಚಿ ಎಣ್ಣೆ ಮತ್ತು ಬಾಕುಚಿಯಾಲ್ ಹೆಸರಿನಲ್ಲಿ ನೆಂಟರಾದರೂ ಒಂದೇ ಸರಕಲ್ಲ. ಮೊದಲನೆಯದರಲ್ಲಿ ಸೋರಾಲೆನ್ ಉಳಿದಿರಬಹುದು. ಬೇಡಿಕೆಪತ್ರದಲ್ಲಿ ಯಾವುದೆಂದು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು. ಬಾಕುಚಿಯಾಲ್ ಶೇಕಡ ಎಷ್ಟೆಂಬುದರ ಜೊತೆಗೆ ಸೋರಾಲೆನ್, ಐಸೋಸೋರಾಲೆನ್ ಮತ್ತು ದ್ರಾವಕದ ಶೇಷವನ್ನು ಪ್ರತ್ಯೇಕವಾಗಿ ತೋರಿಸುವ ವಿಶ್ಲೇಷಣಾ ಪತ್ರವನ್ನು ಪ್ರತಿ ತಂಡದ ಮಾಲಿಗೂ ಪಡೆಯಬೇಕು. ಆ ತಂಡದ ಮಾದರಿಯೊಂದನ್ನು ಮೊಹರು ಮಾಡಿ ಉಗ್ರಾಣದಲ್ಲಿ ಇರಿಸಿಕೊಂಡರೆ, ಸರಕು ತಿರಸ್ಕೃತವಾದಾಗ ವಾದಕ್ಕೆ ಆಧಾರವಿರುತ್ತದೆ.